ಮಣ್ಣಿನ ಆಮೆ

ವನಜ ಟೀಚರ್ ಈ ಸಲವೂ ದಿವ್ಯಾಳ ಕೈಯನ್ನೇ ಹಿಡಿದರು. ಟೆಂಪೋದ ಮುಂದಿನ ಸೀಟಿನಲ್ಲಿ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಬಿಚ್ಚಿಹೋದ ಜಡೆಯನ್ನು ಮತ್ತೆ ಹೆಣೆಯತೊಡಗಿದರು. ಮೂರು ಸೀಟು ಹಿಂದೆ ಕುಳಿತಿದ್ದ ಪ್ರಜ್ಞಾ ಆ ಬೆರಳುಗಳನ್ನೇ ನೋಡುತ್ತಿದ್ದಳು. ಹೆಬ್ಬೆರಳಿನ ಮೇಲೊಂದು ಸುಟ್ಟ ಗಾಯ. ನಿನ್ನೆ ಕಾವಲಿ ತಾಗಿ ಆದದ್ದು. ಆ ನೋವಿನಲ್ಲೂ ದಿವ್ಯಾಳ ಜಡೆಗೆ ಬಿಡುವಿದೆ!

ಹೊಟ್ಟೆಕಿಚ್ಚಿಗೆ ವಯಸ್ಸಿನ ಹಂಗಿಲ್ಲ. ಎಂಟು ವರ್ಷದ ಪ್ರಜ್ಞಾಳ ಹೊಟ್ಟೆಯಲ್ಲಿ ಅದು ಬೆಳಿಗ್ಗೆಯಿಂದಲೇ ಧಗಧಗ ಉರಿಯುತ್ತಿತ್ತು.

2004ರ ಡಿಸೆಂಬರ್. ಮೂರನೇ ತರಗತಿಗೆ ಮಣ್ಣಿನ ಪಾಠ ಮುಗಿದಿತ್ತು. ಪುಸ್ತಕದ ಮಣ್ಣು ಸಾಲದು, ಕೈಗೂ ಅಂಟಬೇಕು ಎಂದು ಟೀಚರ್ ಮಕ್ಕಳನ್ನು ಕುಂದಾಪುರದ ಒಂದು ಹಂಚಿನ ಕಾರ್ಖಾನೆಗೆ ಹೊರಡಿಸಿದ್ದರು.

ದಿವ್ಯಾಗೆ ತಾಯಿ ಇಲ್ಲ. ಅವಳ ತಂದೆ ಗುಡ್ಡ, ಮೀನು ಹಿಡಿಯುವ ಬೋಟಿಗೆ ಹೋದರೆ ವಾರ ಬರುವುದಿಲ್ಲ. ಆದ್ದರಿಂದ ಎಲ್ಲರಿಗೂ ಅವಳ ಮೇಲೆ ಅಯ್ಯೋ ಪಾಪ. ಸರಿ, ಪಾಪವೇ. ಆದರೆ ಶಾಲೆಯಲ್ಲಿ ಪ್ರಜ್ಞಾಗಾದರೂ ಯಾರಿದ್ದಾರೆ? ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಟೀಚರ್ ಮೊದಲು ಹೀಗಿರಲಿಲ್ಲ. ಕಳೆದ ವರ್ಷ ಆಗಸ್ಟ್ ಹದಿನೈದರ ಚಿತ್ರಸ್ಪರ್ಧೆಯಲ್ಲಿ ಪ್ರಜ್ಞಾಗೆ ಮೊದಲ ಬಹುಮಾನ ಕೊಟ್ಟಿದ್ದರು. ಮಾರನೆಯ ದಿನವೇ ಮೀನು ಮಾರುವ ರತ್ನ ಬುಟ್ಟಿ ಇಳಿಸಿ, ಶಾಲೆಯ ಎದುರೇ ನಿಂತು ಕೇಳಿದ್ದಳು: "ಟೀಚರಿಗೆ ಬೇರೆ ಮಕ್ಕಳ್ ಕಣ್ಣಿಗೇ ಕಾಂತಿಲ್ಯಾ?" ಹತ್ತು ಬಾಯಿ ಸೇರಿದರೆ ಕೇಳಬೇಕೆ? ಅಂದಿನಿಂದ ಟೀಚರ್ ಪ್ರಜ್ಞಾಳ ಕಡೆ ತಿರುಗಿ ನೋಡುವುದನ್ನೇ ಬಿಟ್ಟರು.

ಸಾಲದ್ದಕ್ಕೆ ಈ ವರ್ಷ ಜೂನ್ ತಿಂಗಳ ಮೊದಲ ದಿನ ಟೀಚರಿಂದ ಒಂದು ಕಟ್ಟಪ್ಪಣೆ. ಮನೆಯಲ್ಲಿ ಆಡುವ ಒಂದು ಮಾತು ಗೇಟಿನೊಳಗೆ ಅವಳ ಬಾಯಲ್ಲಿ ಬರಕೂಡದು. ಒಮ್ಮೆ ಬಾಯಿ ತಪ್ಪಿ ಬಂದಾಗ ಇಡೀ ತರಗತಿ ನಕ್ಕಿತ್ತು, ಟೀಚರ್ ಸ್ಕೇಲು ಎತ್ತಿದ್ದರು. ಆಮೇಲೆ ಪ್ರಜ್ಞಾ ಶಾಲೆಯಲ್ಲಿ ಆ ಮಾತು ಎತ್ತಿಲ್ಲ.

ಇವತ್ತು ಅವಳಿಗೆ ಬೇಕಾದದ್ದು ಇಷ್ಟೇ. ಒಂದೇ ಒಂದು ಸಲ, ಎಲ್ಲರೆದುರು, ಟೀಚರ್ ತನಗೆ ಶಾಭಾಸ್ ಅನ್ನಬೇಕು.

ಕಾರ್ಖಾನೆಯ ಮೇಸ್ತ್ರಿ ಸುಬ್ಬ ಮಕ್ಕಳಿಗೆ ಭಟ್ಟಿ ತೋರಿಸಿದ, ಹಂಚು ಒತ್ತುವ ಯಂತ್ರ ತೋರಿಸಿದ. ಕೊನೆಗೆ ಎಲ್ಲರ ಕೈಗೂ ಒಂದೊಂದು ಮುದ್ದೆ ಹಸಿಮಣ್ಣು ಕೊಟ್ಟ. ಇಷ್ಟವಾದದ್ದು ಮಾಡಬೇಕು, ಚೆನ್ನಾಗಿ ಮಾಡಿದವರಿಗೆ ಬಣ್ಣದ ಪೆನ್ಸಿಲ್ ಡಬ್ಬಿ ಎಂದರು ಟೀಚರ್.

ಪ್ರಜ್ಞಾ ಕಡಲಾಮೆ ಮಾಡಿದಳು. ಚಿಪ್ಪಿಗೆ ಕಡ್ಡಿಯಿಂದ ಗೆರೆ ಎಳೆದಳು, ಕಣ್ಣಿಗೆ ಎರಡು ಮರಳಿನ ಕಾಳು ಒತ್ತಿದಳು. ದಿವ್ಯಾ ಮಾಡಿದ್ದು ಒಂದು ಕಡೆ ವಾಲಿದ ದೋಣಿ. ನೀರಿಗಿಟ್ಟರೆ ಆ ಕ್ಷಣವೇ ಮುಳುಗುವಂಥದ್ದು.

"ಹ್ವಾಯ್ ಟೀಚರೇ, ಈ ಆಮಿ ಕಾಣಿ ಮಾರ್ರೆ! ಬಿಟ್ರೆ ಈಗ್ಳೇ ಕಡ್ಲಿಗ್ ಹೋತ್. ಪ್ರೈಜ್ ಇದ್ಕೇ ಅಲ್ದಾ?" ಎಂದ ಸುಬ್ಬ.

ಟೀಚರ್ ಆಮೆಯನ್ನು ಎತ್ತಿಕೊಂಡರು. ಸ್ವಲ್ಪ ಹೊತ್ತು ನೋಡಿದರು.

"ಅದ್ಕ್ ನಾನ್ ಕೊಡುಕ್ ಆತಿಲ್ಲೆ, ಸುಬ್ಬಣ್ಣ," ಎಂದು ಟೀಚರ್ ಆಮೆಯನ್ನು ಹಲಗೆಯ ಮೇಲೆ ಇಟ್ಟುಬಿಟ್ಟರು.

"ಎಂತಕೆ?"

ಡಬ್ಬಿ ದಿವ್ಯಾಳ ಕೈ ಸೇರಿತು. ತಲೆ ಸವರಿದ್ದೂ ಆಯಿತು.

"ನಿಂಗ್ ಕೊಡುದಿಲ್ಲೆ ಅಂದ್ ನಂಗ್ ಮೊದ್ಲೇ ಗೊತ್ತಿತ್ತ್," ಎಂದು ಪ್ರಜ್ಞಾಳ ಪಕ್ಕದಲ್ಲಿದ್ದ ರಕ್ಷಿತ್ ಕಿಸಕ್ಕನೆ ನಕ್ಕ.

ಅಷ್ಟೇ ಸಾಕಾಯಿತು. ಪ್ರಜ್ಞಾ ನೇರ ಹೋದವಳೇ ದೋಣಿಯ ಮೇಲೆ ಮುಷ್ಟಿ ಇಳಿಸಿದಳು. ದೋಣಿ ಅಪ್ಪಚ್ಚಿಯಾಯಿತು. ದಿವ್ಯಾ ಗೊಳೋ ಎಂದು ಅತ್ತಳು.

ಟೀಚರ ಮುಖ ಕೆಂಪಾಯಿತು. "ಎಂತಕೆ ಮಾಡ್ದೆ?"

"ನೀವ್ ಯಾವತ್ತೂ ದಿವ್ಯಾಂಗೇ ಕೊಡುದ್!"

ಟೀಚರ ಕೈ ಮೇಲೆದ್ದಿತು, ಹಾಗೇ ಇಳಿಯಿತು. "ನಿನ್ನಿಂದ ನಾನ್ ಎಲ್ಲರೆದ್ರ್ ತಲಿ ತಗ್ಸುವಂಗ್ ಆಯ್ತ್. ಕಿವಿ ಹಿಡ್ಕಂಡ್ ದಿವ್ಯಾನ ಹತ್ರ ತಪ್ಪಾಯ್ತ್ ಅನ್."

ಪ್ರಜ್ಞಾ ಕಿವಿ ಹಿಡಿದುಕೊಂಡಳು. ತಪ್ಪಾಯ್ತು ಅಂದಳು. ಆಮೆಯನ್ನು ಮುಟ್ಟಲೂ ಇಲ್ಲ. ಎಲ್ಲರೂ ತಮ್ಮ ತಮ್ಮ ಗೊಂಬೆಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಟೆಂಪೋ ಹತ್ತಿದರು, ಅವಳು ಬರಿಗೈಯಲ್ಲಿ ಹತ್ತಿದಳು. ಇನ್ನು ಈ ಟೀಚರ ಜೊತೆ ಮಾತೇ ಆಡುವುದಿಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿ ಕುಳಿತಳು.

ಶಾಲೆ ತಲುಪುವಾಗ ಐದು ಗಂಟೆ. ಮಕ್ಕಳ ಮನೆಯವರೆಲ್ಲ ಅಂಗಳದಲ್ಲಿ ಕಾಯುತ್ತಿದ್ದರು. ಅಪರೂಪಕ್ಕೆ ಊರಲ್ಲಿದ್ದ ಗುಡ್ಡ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀಜಾಡಿ ಕಡೆಗೆ ನಡೆದ. ರಕ್ಷಿತ್ ಅಪ್ಪನ ಸೈಕಲ್ ಏರಿದ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಪ್ರಜ್ಞಾಳನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಯಾವತ್ತೂ ಬರುವುದಿಲ್ಲ.

ಟೀಚರ್ ತರಗತಿಗೆ ಬೀಗ ಹಾಕಿ ಅವಳ ಬಳಿ ಬಂದರು. ಬ್ಯಾಗಿನಿಂದ ಒದ್ದೆ ಕರ್ಚೀಫಿನ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ಆಮೆ. ಒಂದು ಕಾಲು ಮುರಿದಿತ್ತು, ಮರಳಿನ ಕಣ್ಣುಗಳು ಹಾಗೇ ಇದ್ದವು.

"ಶಾಭಾಸ್," ಎಂದರು ಟೀಚರ್. "ಎಲ್ಲರ ಎದ್ರ್ ಹೇಳುಕ್ ಆಯ್ಲಿಲ್ಲ ಮಗಾ."

ಪ್ರಜ್ಞಾ ಆಮೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಟೀಚರ ಸೆರಗಿನ ಪಕ್ಕದಲ್ಲೇ ಅಂಗಳ ದಾಟಿದಳು. ಹೊರಗೆ ಬಂದು ಟೀಚರ್ ಗೇಟಿನ ಚಿಲಕ ಹಾಕುವವರೆಗೂ ಕಾದಳು.

"ಟೀಚರ್, ಗೇಟ್ ದಾಂಟಿ ಆಯ್ತ್," ಎಂದಳು. "ಇನ್ ಅಮ್ಮ ಅಂದ್ರೆ ಅಡ್ಡಿಲ್ಯಾ?"