ಗಂಗವ್ವ ತುಂಬಿದ ಉಡಿ

ಬೇವಿನೆಲೆ ಕುದಿಯುವ ವಾಸನೆ ಬಂದರೆ ಈಗಲೂ ನನಗೆ ಕೊಟ್ಟೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ಗಂಡ ತೀರಿಕೊಂಡ ಮೇಲೆ ನಮ್ಮ ದೊಡ್ಡವ್ವ ಕ್ಷಯದವರ ಮನೆಗಳಿಗೆ ತಾನಾಗಿಯೇ ಹೋಗಿ, ಮೈ ಒರೆಸಿ, ಗುಳಿಗೆ ನುಂಗಿಸಿ ಬರುತ್ತಿದ್ದಳು. ಅಂದು ನಾನೂ ಜೊತೆಗೆ ಹೋಗಿದ್ದೆ. ಕ್ಷಯ ಹಿಡಿದಿದ್ದ ಗಂಗವ್ವನ ಬಟ್ಟೆಗಳನ್ನು ಬೇವಿನ ನೀರಿನಲ್ಲಿ ಅದ್ದಿಟ್ಟು ನಾವು ಹೊರಟಾಗ, ಗಂಗವ್ವ ಗೋಡೆ ಹಿಡಿದು ಎದ್ದಳು. ಅವಳು ಮೊದಲೇ ತೆಗೆದಿಟ್ಟಿದ್ದ ಮೊರದಲ್ಲಿ ಜೋಳ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು ಇದ್ದವು.

"ಉಡಿ ತುಂಬ್ತೀನಿ, ಸೆರಗು ಒಡ್ಡು ಯಕ್ಕಾ."

"ತಲಿ ಕೆಟ್ಟೈತೇನ ನಿಂಗ? ಅದು ಮುತ್ತೈದೇರಿಗೆ. ನಾನು ಗಂಡ ಸತ್ತಾಕಿ."

"ಕೆಮ್ಮಿನಾಕಿ ಅಂತ ನನ್ನ ಕೈಲೆ ಎರಡು ವರ್ಷದಿಂದ ಯಾರೂ ಉಡಿ ತುಂಬಿಸ್ಕೊಂಡಿಲ್ಲ. ನೀನೂ ಒಲ್ಲೆ ಅಂತೀಯೇನ?"

ದೊಡ್ಡವ್ವ ಕೂತು ಎರಡೂ ಕೈಯಲ್ಲಿ ಸೆರಗು ಹಿಡಿದಳು. ಗಂಗವ್ವನ ಬೊಗಸೆಯಿಂದ ಐದು ಸಲ ಜೋಳ ಸುರಿಯಿತು.

ಎದುರಾದರೆ ಅಪಶಕುನ ಅನ್ನುತ್ತಾರೆಂದು ದಿನವೂ ಹಿತ್ತಲ ಸಂದಿಯಲ್ಲೇ ಮನೆಗೆ ಬರುತ್ತಿದ್ದ ದೊಡ್ಡವ್ವ, ಅಂದು ತುಂಬಿದ ಉಡಿ ಹಿಡಿದು ನಡುಬೀದಿಯಲ್ಲಿ ನಡೆದಳು. ನಾನು ಅವಳ ಮುಖವನ್ನೇ ನೋಡುತ್ತ ಹಿಂದೆ ಓಡಿದೆ. ಕಟ್ಟೆಯ ಮೇಲಿನ ಹೆಂಗಸರು ಕತ್ತು ಚಾಚಿ ನೋಡಿದರು.

"ನಿನಗ್ಯಾರು ಉಡಿ ತುಂಬಿದ್ರಬೇ?" ಎಂದಳೊಬ್ಬಳು.

"ಗಂಗವ್ವ," ಎಂದಳು ದೊಡ್ಡವ್ವ, ಬೀದಿಗೆಲ್ಲ ಕೇಳುವ ಹಾಗೆ.