ಕಡಲ ದಾರಿಯ ಏಳು ತಿರುವು

ನಕ್ಷೆಯ ಮೂರನೇ ಗುರುತಿಗೆ ಬಂದಾಗ ಅವಳ ಬೆರಳು ನಿಂತಿತು. ಐದನೆಯದಕ್ಕೆ ಬಂದಾಗ ಕುರ್ಚಿ ಎಳೆದುಕೊಂಡು ಕೂತಳು.

ಊಟದ ಮೇಜಿನ ಮೇಲೆ ಗಂಡ ಬಿಡಿಸಿಟ್ಟು ಹೋದ ನಕ್ಷೆಯಿತ್ತು. ಬರುವ ವಾರ ಇಬ್ಬರೂ ಕಾರಿನಲ್ಲಿ ಹೋಗಬೇಕಾದ ಕಡಲ ದಾರಿ. ಪೆನ್ಸಿಲಿನಲ್ಲಿ ಏಳು ಸೊನ್ನೆ, ಪಕ್ಕದಲ್ಲಿ ತಲುಪುವ ದಿನ, ಹೊತ್ತು. ನೋಡುವವರಿಗೆ ಚಂದದ ಪ್ರವಾಸ. ಅವಳಿಗೆ ಮಾತ್ರ ಆ ಏಳೂ ಜಾಗ ಬಾಯಿಪಾಠವಾಗಿದ್ದವು. ಏಳರಲ್ಲೂ ಕಾರು ಕೆಳಗುರುಳಿತ್ತು. ಏಳರಲ್ಲೂ ಜನ ಸತ್ತಿದ್ದರು.

ಅವಳು ವಿಮಾ ಕಚೇರಿಯ ಮರಣ ವಿಭಾಗದಲ್ಲಿ ಗುಮಾಸ್ತೆ. ಸತ್ತವರ ಹೆಸರು, ಸತ್ತ ಜಾಗ, ಸತ್ತ ಹೊತ್ತು, ಇಷ್ಟೇ ಅವಳ ಮೇಜಿಗೆ ಬರುವುದು. ಬಂದದ್ದನ್ನು ಅನುಮಾನದಿಂದ ಓದುವುದೇ ಅವಳ ಕೆಲಸ. ‘ಕಾಲು ಜಾರಿತು’ ಎಂದು ಬರೆದುಕೊಟ್ಟ ಗಂಡಂದಿರು ಎಷ್ಟು ಜನ, ಅದರಲ್ಲಿ ನಿಜವಾಗಿ ಜಾರಿದ್ದು ಎಷ್ಟು ಎಂಬುದು ಅವಳಿಗೆ ಗೊತ್ತು.

ಗಂಡ ಕ್ರೇನ್ ಆಪರೇಟರ್. ಅದೇ ದಾರಿಯಲ್ಲಿ ಬಿದ್ದ ವಾಹನಗಳನ್ನು ಮೇಲೆತ್ತುವುದು ಇಪ್ಪತ್ತೈದು ವರ್ಷದ ಕಸುಬು. ಮಂಡಿ ಕೈಕೊಟ್ಟಿದ್ದರಿಂದ ಕಳೆದ ತಿಂಗಳಷ್ಟೇ ಅದನ್ನು ಬಿಟ್ಟಿದ್ದ. ಇಬ್ಬರ ಕೆಲಸವೂ ಇಂಥದ್ದೆಂದು ಮದುವೆಯಾದ ವಾರದಲ್ಲೇ ಅವಳು ಒಂದು ಕಟ್ಟಳೆ ಮಾಡಿದ್ದಳು: ಮನೆಯೊಳಗೆ ಕೆಲಸದ ಮಾತಿಲ್ಲ. ಅವನು ಬೂಟಿನ ಜೊತೆ ಅದನ್ನೂ ಹೊರಗೇ ಬಿಟ್ಟು ಬರುತ್ತಿದ್ದ. ಒಂದು ದಿನವೂ ತಪ್ಪಿರಲಿಲ್ಲ.

ಹಾಗಾಗಿ ನೇರವಾಗಿ ಕೇಳುವಂತಿರಲಿಲ್ಲ. ಸಂಜೆ ಅವನು ಬಂದಾಗ ಸುತ್ತಿಬಳಸಿ ಕೇಳಿದಳು.

“ರೀ, ರೂಮ್ ಬುಕ್ ಮಾಡಿದ್ರಾ?”

“ರೂಮ್ ಯಾಕೆ? ಬೇಕಾಗಲ್ಲ.”

“ದಾರಿಗೆ ತಿಂಡಿ ಏನಾದ್ರೂ ಕಟ್ಕೊಳ್ಳಾ?”

“ಅದೂ ಬೇಡ. ಒಳ್ಳೆ ಬಟ್ಟೆ ಹಾಕ್ಕೋ, ಸಾಕು.”

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳ ಬಟ್ಟೆಯ ಬಗ್ಗೆ ಅವನು ಆಡಿದ ಮೊದಲ ಮಾತು ಅದು. ಬೇರೆ ಹೆಂಗಸಾದರೆ ಹಿಗ್ಗುತ್ತಿದ್ದಳು. ಇವಳು ಹೋಗಿ ನಕ್ಷೆಯ ಏಳು ಸೊನ್ನೆಗಳನ್ನು ಮತ್ತೆ ಎಣಿಸಿದಳು.

ಮರುದಿನ ಬಚ್ಚಲ ಬಾಗಿಲ ಆಚೆ ಅವನು ಫೋನಿನಲ್ಲಿ ಪಿಸುಗುಡುವುದು ಕೇಳಿಸಿತು. “ಇಲ್ಲ, ಅವಳಿಗಿನ್ನೂ ಹೇಳಿಲ್ಲ. ಹೇಳಿದ್ರೆ ಬರೋದೇ ಇಲ್ಲ. ಹತ್ತು ಗಂಟೆಗೆ ಆ ತಿರುವಲ್ಲಿರ್ತೀವಿ, ನೀನು ಅಲ್ಲಿಗೇ ಬಾ.”

ಅಂದರೆ ಇನ್ನೊಬ್ಬರೂ ಇದ್ದಾರೆ. ಅವಳು ಮಹಡಿಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ನಕ್ಕುಬಿಟ್ಟಳು.

“ಅಲ್ವೇ, ಆ ಮನುಷ್ಯ ಜಿರಲೆ ಕಂಡ್ರೂ ಕಾಗದದ ಮೇಲೆ ಹತ್ತಿಸ್ಕೊಂಡು ಆಚೆ ಬಿಟ್ಟು ಬರ್ತಾರೆ. ಇಷ್ಟು ವರ್ಷಕ್ಕೆ ಒಂದ್ಸಲ ಸುತ್ತಾಡಿಸ್ತೀನಿ ಅಂದ್ರೆ ಕೊಲೆ ಅಂತೀಯಲ್ಲ. ನಿನ್ನ ಆಫೀಸು ನಿನ್ನ ತಲೆ ಕೆಡಿಸಿದೆ.”

“ನನ್ನ ಫೈಲಲ್ಲಿರೋ ಗಂಡಂದಿರೂ ಒಳ್ಳೆಯವರೇ ಕಣೇ. ಅಕ್ಕಪಕ್ಕದವರೆಲ್ಲ ಹಾಗಂತ ಬರೆದುಕೊಟ್ಟಿದಾರೆ.”

ಅಕ್ಕ ಆಮೇಲೆ ನಗಲಿಲ್ಲ. “ಹಾಗಾದ್ರೆ ಹೋಗ್ಬೇಡ,” ಎಂದಳು.

ಹೋಗದೆ ಇರುವುದು ಹೇಗೆ? ಅನುಮಾನ ಸುಳ್ಳಾದರೆ ಅವನ ಮುಖವನ್ನು ಮತ್ತೆ ನೋಡುವ ಹಾಗಿಲ್ಲ. ನಿಜವಾದರೆ, ಈ ತಿರುವಲ್ಲದಿದ್ದರೆ ಮನೆಯ ಮೆಟ್ಟಿಲು, ಇಂದಲ್ಲದಿದ್ದರೆ ನಾಳೆ. ಅವಳು ನಕ್ಷೆಯ ಫೋಟೊ ತೆಗೆದು ಅಕ್ಕನಿಗೆ ಕಳಿಸಿದಳು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೆಗೆದಿಟ್ಟಳು. ಅದನ್ನು ಇಸ್ತ್ರಿ ಮಾಡುವಾಗ ಅಳು ಬಂತು.

ಹೊರಟ ದಿನ ಬಿಸಿಲು ಹಿತವಾಗಿತ್ತು, ಕಡಲು ನೀಲಿಯಾಗಿತ್ತು. ಅವನೂ ಗಡ್ಡ ಹೆರೆದು ಹೊಸ ಅಂಗಿ ತೊಟ್ಟಿದ್ದ. ದಾರಿಯಲ್ಲಿ ಎರಡು ಸಲ ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡ. ಅವಳು ಅದನ್ನೂ ನೋಡಿದಳು.

ಹತ್ತಕ್ಕೆ ಐದು ನಿಮಿಷವಿದ್ದಾಗ ಕಾರು ನಿಂತಿತು. ಈ ಜಾಗದ ಫೈಲು ನಾಲ್ಕು ವರ್ಷ ಹಳೆಯದು: ಗಂಡಸು, ಅರವತ್ತೊಂದು, ಸ್ಥಳದಲ್ಲೇ ಸಾವು. ತಡೆಗೋಡೆ ಮಂಡಿಯೆತ್ತರ. ಕೆಳಗೆ ಬಂಡೆ, ಅದರಾಚೆ ನೀರು. ಹಿಂದೆ ಮುಂದೆ ಒಂದೂ ವಾಹನವಿರಲಿಲ್ಲ.

“ಇಳಿ,” ಎಂದ.

ಇಳಿದಳು. ಅವನು ಬಂದು ಅವಳ ಮೊಣಕೈ ಹಿಡಿದು ತಡೆಗೋಡೆಯ ಹತ್ತಿರಕ್ಕೆ ಕರೆದುಕೊಂಡು ಹೋದ.

“ಮನೆಯೊಳಗೆ ಹೇಳಬಾರದು ಅಂತಿತ್ತು. ಇದು ಮನೆ ಅಲ್ವಲ್ಲ.” ಅವನು ಬಂಡೆಯ ಕಡೆ ಕೈ ತೋರಿಸಿದ. “ಕೆಳಗೆ ನೋಡು. ಅಲ್ಲಿ...”

ಅವಳು ನೋಡಲಿಲ್ಲ. ಗೋಡೆಯನ್ನು ಎರಡೂ ಕೈಯಲ್ಲಿ ತಬ್ಬಿ ಕುಸಿದು ಕೂತಳು. “ನಾನೇನು ತಪ್ಪು ಮಾಡಿದೆ ರೀ?” ಅಷ್ಟೇ ಬಾಯಿಂದ ಬಂತು.

ಅವನು ಗಾಬರಿಯಿಂದ ಅವಳತ್ತ ಬಗ್ಗಿದ. ಅಷ್ಟರಲ್ಲಿ ತಿರುವಿನಾಚೆಯಿಂದ ಸ್ಕೂಟರೊಂದು ಬಂದು ನಿಂತಿತು. ಮೂವತ್ತರ ಆಸುಪಾಸಿನ ಹೆಂಗಸು ಇಳಿದಳು, ಒಂದು ಕಾಲು ಎಳೆಯುತ್ತ ಓಡಿಬಂದು ಇವಳ ರಟ್ಟೆ ಹಿಡಿದು ಎಬ್ಬಿಸಿದಳು.

“ಹೆದರ್ಕೊಂಡ್ರಾ ಅಕ್ಕಾ? ಇಲ್ಲಿ ನಿಂತ್ರೆ ನಂಗೂ ಕೈಕಾಲು ನಡುಗುತ್ತೆ. ನಮ್ಮಪ್ಪ ಹೋಗಿದ್ದು ಇಲ್ಲೇ. ಹಿಂದಿನ ಸೀಟಲ್ಲಿ ಸಿಕ್ಕಾಕ್ಕೊಂಡಿದ್ದ ನನ್ನನ್ನ ಈ ಅಣ್ಣ ಕೆಳಗಿಳಿದು ಬೆನ್ನ ಮೇಲೆ ಹೊತ್ಕೊಂಡು ಬಂದ್ರು. ಪಾಪ, ನಮ್ಮನೆ ದಾರಿ ಇವರಿಗೆ ಗೊತ್ತಿಲ್ಲ, ಈ ತಿರುವೊಂದೇ ಗೊತ್ತು. ಅದಕ್ಕೇ ಕರ್ಕೊಂಡು ಹೋಗೋಕೆ ನಾನೇ ಬಂದೆ.”

ಅವಳು ಗಂಡನ ಕಡೆ ತಿರುಗಿದಳು. ಅವನು ಕದ್ದು ಸಿಕ್ಕಿಬಿದ್ದವನ ಹಾಗೆ ಕಡಲನ್ನು ನೋಡುತ್ತಿದ್ದ. ಅವಳು ಮೂರು ಸಲ ಓದಿ ಸಹಿ ಹಾಕಿದ ಆ ಫೈಲಿನಲ್ಲಿ ಈ ಹೆಂಗಸಿನ ಹೆಸರೇ ಇರಲಿಲ್ಲ.

“ಬೇಗ ಬನ್ನಿ, ತಿಂಡಿ ಆರ್ತಾ ಇದೆ,” ಎಂದಳು ಆಕೆ. “ಅಣ್ಣ ಹೀಗೇ ಹೊತ್ತು ತಂದ ಉಳಿದ ಆರು ಜನರ ಮನೆಯವರೂ ಬೆಳಿಗ್ಗೆಯಿಂದ ಫೋನ್ ಮಾಡ್ತಿದಾರೆ, ನಿಮ್ಮಿಬ್ರನ್ನೂ ನಾವೇ ಇಟ್ಕೊಂಡುಬಿಡ್ತೀವೇನೋ ಅಂತ.”