ಕಡಲಿನ ಸರದಿ

ಹೊನ್ನಾವರದ ಕಲಾಶಿಬಿರದಲ್ಲಿ ಪ್ರತಿ ಕಲಾವಿದರಿಗೂ ಕೆಲಸಕ್ಕೊಬ್ಬ ಜೊತೆಗಾರ: ಕೆಲವರಿಗೆ ಗಾಳಿ, ಕೆಲವರಿಗೆ ಬಿಸಿಲು. ಶಿಲ್ಪಿ ಮಾದೇವಿಗೆ ಸಿಕ್ಕಿದ್ದು ಕಡಲು. ಹಗಲು ಅವಳು ದಂಡೆಯ ಮರಳಿನಲ್ಲಿ ತೀರಿಹೋದ ಅಮ್ಮನ ಮುಖ ಮಾಡುತ್ತಿದ್ದಳು, ಉಬ್ಬರ ಏರಿದಾಗ ಕಡಲು ಬಂದು ತಿದ್ದುತ್ತಿತ್ತು. ಅಮ್ಮನ ಬೂದಿ ಬಿಟ್ಟದ್ದು ಅದೇ ನೀರಿಗೆ. ಕಡಲಿಗೆ ಆ ಮುಖದ ಗುರುತಿತ್ತು.

ಹನ್ನೊಂದನೆಯ ದಿನ ಕಣ್ಣುಗಳು ಅಮ್ಮನವೇ ಆದವು. ಇನ್ನು ಕಡಲು ಅಳಿಸಿಬಿಟ್ಟೀತೆಂಬ ಭಯಕ್ಕೆ ಮಾದೇವಿ ಮುಖಕ್ಕೆಲ್ಲ ತೆಳ್ಳಗೆ ಸಿಮೆಂಟ್ ಬಳಿದಳು.

ಆ ಸಂಜೆ ಕಡಲು ಬಂತು, ಒಂದು ಮಾರು ದೂರದಲ್ಲೇ ನಿಂತು ನೋಡಿತು, ಮುಟ್ಟದೆ ಹಿಂದಿರುಗಿತು. ಮರುದಿನವೂ ಹಾಗೆಯೇ.

“ಅವಸರ ಯಾಕ್ ಮಾಡ್ದೆ ತಂಗಿ?” ಎಂದಳು ಶಿಬಿರದ ಅಡುಗೆಯ ಬೀರಮ್ಮ. “ತಿದ್ದೋಕೆ ಬಾಯಿ ಒಂದೇ ಉಳ್ದಿತ್ತು. ಕಡ್ಲು ಅದನ್ನೂ ನಗಿಸ್ತಿತ್ತೇನೊ.”

ಮಾದೇವಿ ಮಾಡಿದ್ದ ತುಟಿಗಳು ಬಿಗಿದೇ ಇದ್ದವು, ಆಸ್ಪತ್ರೆಯಲ್ಲಿ ಅವಳು ಅಮ್ಮನನ್ನು ಕೊನೆಯ ಸಲ ಕಂಡಂತೆ.